ಬಿಚ್ಚಿಟ್ಟ ಪದ್ಮಿನಿ, ಇಳಿದ ಹುರುಪು

ಗುಡೂರಿನಂಥ ಊರಾಗ ಹಳೇ ಪ್ರೀಮಿಯರ್ ಪದ್ಮಿನಿ ತಂದು ಬಿಚ್ಚೋದು ಒಂದು ಐತಾರದ ಕೆಲಸ. ಕೂಡಿಸೋದು? ಅಲ್ಲೇ ನೋಡ್ರಿ ಹುರುಪು ಇಳಿಯೋದು. ಗಾಡಿ ತಯಾರಿ ನಿಂತು ಇಪ್ಪತ್ತು ವರ್ಷ ದಾಟೇತಿ. ಇಳಕಲ್ಲಿಗೆ ಹೋದಕೂಡ್ಲೇ ಸಾಮಾನು ಸಿಗಂಗಿಲ್ಲ.

ನಿಂತ ಗಾಡಿ ಸುಮ್ಮನ ಇರಂಗಿಲ್ಲ. ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬುರೇಟರ್ ಜೆಟ್ ಕಟ್ಟತೈತಿ, ಬ್ರೇಕ್ ಸಿಲಿಂಡರ್ ತುಕ್ಕು ಹಿಡಿದು ಜಾಮ್ ಆಗತೈತಿ. ಪೇಂಟ್ ಆಮ್ಯಾಲೆ. ಮೊದಲ ಆ 1089 ಸಿಸಿ ಇಂಜಿನ್ ಚಾಲೂ ಮಾಡ್ರಿ. ಸಪ್ಪಳ ಕಿವಿಗೆ ಬಿದ್ರ ಅರ್ಧ ಬ್ಯಾಸರ ಹೋಗತೈತಿ, ಖರೇನ.

ಆದ್ರೂ ಮನಸ್ಸು ಬರವಲ್ದು? ಮಾರ್ರಿ, ನಾಚಿಕಿ ಬ್ಯಾಡ. ನಟ್ಟು-ಬೋಲ್ಟಿನ ಡಬ್ಬಿಗೆ ಚೀಟಿ ಅಂಟಿಸಿ ಕೊಡ್ರಿ. ಆರ್‌ಸಿನೂ ತೆಗೆದು ನೋಡ್ರಿ: 15 ವರ್ಷ ಆದಮ್ಯಾಲೆ 5 ವರ್ಷಕ್ಕೊಮ್ಮೆ ರಿನೀವಲ್ ಆಗಿರಬೇಕು. ಇಲ್ಲಂದ್ರ ತಗೊಳ್ಳಾಂವ ರೇಟ್ ಮುರೀತಾನ.