ಜಾಲಹಳ್ಳಿಯ ಯಂತ್ರ, ಊರಿನ ಗುಟ್ಟು

2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ ತೀರ್ಮಾನವಾದದ್ದು ಒಂದೇ ಒಂದು ಮತದಿಂದ. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಮತಪತ್ರದ ಕಾಲವಾಗಿದ್ದರೆ ಏನಾಗುತ್ತಿತ್ತು ಎಂದು ಹಳೆಯ ಎಣಿಕೆ ಸಿಬ್ಬಂದಿ ಯಾರನ್ನು ಕೇಳಿದರೂ ಹೇಳಿಯಾರು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದ ಮುದ್ರೆ, ಮಡಚುವಾಗ ಆ ಕಡೆಗೂ ಅಂಟಿದ ಶಾಯಿ, ಕುಲಗೆಟ್ಟ ಮತಗಳ ಕಟ್ಟು, ಅದರ ಮೇಲೆ ರಾತ್ರಿಯಿಡೀ ಜಗಳ. ಆ ವರ್ಷ ಇಡೀ ದೇಶ ಮತಯಂತ್ರದಲ್ಲೇ ಮತ ಹಾಕಿತ್ತು. ಒತ್ತಿದ ಗುಂಡಿಯಲ್ಲಿ ಅನುಮಾನಕ್ಕೆ ಎಡೆಯಿಲ್ಲ; ಒಂದು ಮತದ ಅಂತರವನ್ನೂ ಊರು ಒಪ್ಪಿಕೊಂಡಿತು.

ದೇಶಕ್ಕೆ ಮತಯಂತ್ರ ಮಾಡಿಕೊಡುವ ಸಂಸ್ಥೆಗಳು ಎರಡೇ. ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್. ಸೇನೆಗೆ ಬೇಕಾದ ಎಲೆಕ್ಟ್ರಾನಿಕ್ ಸಲಕರಣೆಗಳಿಗಾಗಿ 1954ರಲ್ಲಿ ಹುಟ್ಟಿದ ಈ ಕಾರ್ಖಾನೆಯಲ್ಲಿ ಮತಯಂತ್ರದ ಕೆಲಸದ ಹೊಣೆ ಹೊತ್ತವರಲ್ಲಿ ಎಸ್. ರಂಗರಾಜನ್ ಒಬ್ಬರು. ತಮಿಳು ಓದುಗರು ಅವರನ್ನು ಸುಜಾತಾ ಎಂಬ ಹೆಸರಿನ ಕಾದಂಬರಿಕಾರರಾಗಿ ಬಲ್ಲರು.

ಯಂತ್ರದ ರಚನೆಯಲ್ಲೇ ನಮ್ಮ ಚುನಾವಣೆಗಳ ಅನುಭವ ಅಡಗಿದೆ. ಕರೆಂಟ್ ಇಲ್ಲದ ಹಾಡಿಯಲ್ಲೂ ನಡೆಯಲೆಂದು ಬ್ಯಾಟರಿ. ಅಕ್ಷರ ಬಾರದವರಿಗಾಗಿ ಹೆಸರಿನ ಪಕ್ಕ ಚಿಹ್ನೆ, ಅದರ ಪಕ್ಕ ಗುಂಡಿ. ಎಲ್ಲಕ್ಕಿಂತ ದೊಡ್ಡ ಯೋಚನೆ ವೇಗದ ಕಡಿವಾಣ. ಪ್ರತಿ ಮತಕ್ಕೂ ಮತಗಟ್ಟೆಯ ಅಧಿಕಾರಿ ತನ್ನ ಕಡೆಯ ಗುಂಡಿ ಒತ್ತಿ ಅನುವು ಮಾಡಿಕೊಡಬೇಕು. ಹಾಗೆಯೂ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತ ದಾಖಲಾಗದು. ಬೂತಿಗೆ ನುಗ್ಗಿ ಕ್ಷಣದಲ್ಲಿ ಕಂತೆಗಟ್ಟಲೆ ಮತಪತ್ರಗಳಿಗೆ ಮುದ್ರೆ ಒತ್ತಿ ಪೆಟ್ಟಿಗೆಗೆ ತುಂಬುತ್ತಿದ್ದವರಿಗೆ ಅಡ್ಡ ಬಂದದ್ದು ಈ ನಿಧಾನ. ಪೊಲೀಸರು ಬರುವಷ್ಟು ಹೊತ್ತು ಇದರಿಂದ ಸಿಗುತ್ತದೆ, ಅಷ್ಟರಲ್ಲಿ ಅಧಿಕಾರಿ ಯಂತ್ರವನ್ನು ಮುಚ್ಚಿಯೂಬಿಡಬಹುದು.

ಯಂತ್ರ ಸಿದ್ಧವಾದರೆ ಸಾಲದು ಎಂಬುದನ್ನು ಕೇರಳದ ಪರವೂರು ಮೊದಲೇ ತೋರಿಸಿತ್ತು. 1982ರ ಮೇ 19ರಂದು ಅಲ್ಲಿನ 50 ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಮತಯಂತ್ರ ಬಳಸಿದರು. ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು. ಕಾನೂನಿನಲ್ಲಿ ಇಲ್ಲದ ವಿಧಾನದಿಂದ ಮತ ಪಡೆಯುವಂತಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ರದ್ದು ಮಾಡಿತು. ಯಂತ್ರಕ್ಕೆ ಕಾನೂನಿನ ಆಸರೆ ಸಿಕ್ಕಿದ್ದು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1988ರಲ್ಲಿ ತಿದ್ದುಪಡಿ ಆದಮೇಲೆ.

ಯಂತ್ರಕ್ಕೆ ಅದರದೇ ಅಳತೆಯ ಮಿತಿಯೂ ಇತ್ತು. 1996ರಲ್ಲಿ ಗಡಿ ತಕರಾರಿನ ಕಾವಿನಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಕಣಕ್ಕಿಳಿದು, ಮತಪತ್ರವೇ ಒಂದು ಪುಸ್ತಕದಷ್ಟಾಗಿತ್ತು. ಹಿಂದಿನ ಮಾದರಿಯ ಮತಯಂತ್ರ ಹೊರುತ್ತಿದ್ದದ್ದು ಗರಿಷ್ಠ 64 ಹೆಸರು. ಅದನ್ನು ಮೀರಿದರೆ ಮತ್ತೆ ಕಾಗದಕ್ಕೆ ಮರಳಬೇಕಿತ್ತು. 2019ರಲ್ಲಿ ಅದೇ ಬೆಳಗಾವಿಯಲ್ಲಿ ಅಂತಿಮ ಕಣದಲ್ಲಿ ಉಳಿದವರು 57. ಈಗಿನ ಮಾದರಿ 384 ಹೆಸರು ಹೊರಬಲ್ಲದು.

ಪೆಟ್ಟಿಗೆ ಭದ್ರವಾದಾಗ ಕೈಗಳು ಬೇರೆಡೆಗೆ ಚಾಚುತ್ತವೆ. ಅದಕ್ಕೂ ಜಾಲಹಳ್ಳಿಯೇ ಸಾಕ್ಷಿ. 2018ರ ಮೇ ತಿಂಗಳಲ್ಲಿ, ವಿಧಾನಸಭಾ ಮತದಾನಕ್ಕೆ ಕೆಲವೇ ದಿನ ಇರುವಾಗ, ಇಲ್ಲಿನ ಅಪಾರ್ಟ್‌ಮೆಂಟಿನ ಒಂದು ಫ್ಲಾಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು. ಆ ಫ್ಲಾಟ್ ಇದ್ದ ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನು ಚುನಾವಣಾ ಆಯೋಗ ಮೇ 28ಕ್ಕೆ ಮುಂದೂಡಿತು. ಮತಯಂತ್ರ ಎಷ್ಟೇ ಪ್ರಾಮಾಣಿಕವಾಗಿದ್ದರೂ ತನ್ನ ಮುಂದೆ ನಿಂತವರು ಯಾರು ಎಂದು ಕೇಳುವುದಿಲ್ಲ. ಆ ಕೆಲಸ ಮತದಾರರ ಪಟ್ಟಿಯದು, ಚೀಟಿಯದು, ಬೂತಿನಲ್ಲಿ ಕೂತ ಏಜೆಂಟನದು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಬೇರೆ ಸಂಗತಿ. ಮತಪತ್ರದ ಕಾಲದಲ್ಲಿ, ಬೆದರಿಕೆಯ ಅಂಜಿಕೆ ಇದ್ದ ಕಡೆ, ಹಲವು ಮತಗಟ್ಟೆಗಳ ಪತ್ರಗಳನ್ನು ಎಣಿಕೆಗೆ ಮೊದಲು ಒಟ್ಟಿಗೆ ಕಲಸುತ್ತಿದ್ದರು. ಯಾವ ಹಳ್ಳಿ ಯಾರಿಗೆ ಹಾಕಿತು ಎಂಬುದು ಆ ರಾಶಿಯಲ್ಲಿ ಕರಗುತ್ತಿತ್ತು. ಈಗ ಪ್ರತಿ ಯಂತ್ರವೂ ತನ್ನ ಬೂತಿನ ಲೆಕ್ಕವನ್ನು ಬಿಡಿಯಾಗಿ ಹೇಳುತ್ತದೆ, ಅದು ಪ್ರಕಟವೂ ಆಗುತ್ತದೆ. ಒಂದು ಬೂತೆಂದರೆ ಸಾವಿರ ಚಿಲ್ಲರೆ ಮತದಾರರು, ಎಷ್ಟೋ ಕಡೆ ಒಂದೇ ಹಳ್ಳಿ, ಕೆಲವು ಕಡೆ ಒಂದೆರಡು ಕೇರಿ. ಫಲಿತಾಂಶದ ಮರುದಿನವೇ "ನಿಮ್ಮ ಬೂತಲ್ಲಿ ಲೀಡ್ ಬಂದಿಲ್ಲ" ಎಂಬ ಮಾತು ಶುರು. ಚರಂಡಿ, ಬೋರ್‌ವೆಲ್, ನಿವೇಶನ ಕೇಳಲು ಹೋದವರಿಗೂ ಅದೇ ಉತ್ತರ. ಯಾರ ಕೈ ಯಾವ ಗುಂಡಿ ಒತ್ತಿತು ಎಂಬ ಗುಟ್ಟು ಉಳಿಯಿತು, ಊರಿನ ಗುಟ್ಟು ಹೋಯಿತು. ಊರ ಯಜಮಾನನನ್ನು ಹಿಡಿದರೆ ಇಡೀ ಊರನ್ನು ಹಿಡಿದಂತೆ ಎಂಬ ಹಳೆಯ ಲೆಕ್ಕಕ್ಕೆ ಇದರಿಂದ ಹೊಸ ಬಲ ಬಂದಿದೆ. ಯಜಮಾನ ಕೊಟ್ಟ ಮಾತು ಉಳಿಯಿತೋ ಇಲ್ಲವೋ ಎಂದು ತಾಳೆ ನೋಡಲು ಈಗ ಅಂಕಿಯೇ ಸಿಗುತ್ತದಲ್ಲ.

ಇದಕ್ಕೆ ಮದ್ದೂ ಇದೆ, ಹೆಸರು ಟೋಟಲೈಸರ್. ಹದಿನಾಲ್ಕು ಯಂತ್ರಗಳನ್ನು ಒಟ್ಟಿಗೆ ಜೋಡಿಸಿ, ಬಿಡಿ ಲೆಕ್ಕ ತೋರಿಸದೆ ಮೊತ್ತವನ್ನಷ್ಟೇ ಹೇಳುವ ಉಪಕರಣ. ಇದನ್ನು ಬಳಸೋಣವೆಂದು ಚುನಾವಣಾ ಆಯೋಗ 2008ರಲ್ಲೇ ಕೇಂದ್ರಕ್ಕೆ ಪ್ರಸ್ತಾವ ಕಳಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಹಿಂದೆ ಬಿದ್ದಿದ್ದೇವೆ ಎಂದು ಗೊತ್ತಾದರೆ ಅಲ್ಲಿ ಹೆಚ್ಚು ಕೆಲಸ ಮಾಡಬಹುದು ಎಂಬುದು ಅದರ ಸಮರ್ಥನೆ. ಮತ ಕೊಡದ ಊರಿಗೆ ರಸ್ತೆ ತಪ್ಪಿಸುವುದಕ್ಕೂ ಅದೇ ಅಂಕಿ ಸಾಕು ಎಂಬುದನ್ನು ಹಳ್ಳಿಯಲ್ಲಿ ಬದುಕಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

2024ರ ಏಪ್ರಿಲ್ 26ರಂದು ಬೆಂಗಳೂರು ಲೋಕಸಭೆಗೆ ಮತ ಹಾಕುತ್ತಿದ್ದಾಗಲೇ, ಮತಪತ್ರಕ್ಕೆ ಮರಳಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಯಂತ್ರ ಇಲ್ಲಿಯೇ ಇರುತ್ತದೆ ಎಂದಾದ ಮೇಲೆ ಅದು ಕಸಿದುಕೊಂಡದ್ದನ್ನು ಮರಳಿ ಕೊಡಿಸುವ ಕೆಲಸ ಬಾಕಿ ಉಳಿಯಿತು. ಟೋಟಲೈಸರ್‌ಗೆ ಹೊಸ ಸಂಶೋಧನೆ ಬೇಕಿಲ್ಲ. ಬೇಕಿರುವುದು 1961ರ ಚುನಾವಣಾ ನಿಯಮಗಳಿಗೆ ಒಂದು ತಿದ್ದುಪಡಿ. ಯಂತ್ರ ತಯಾರಾಗುವ ರಾಜ್ಯದ ಸಂಸದರೇ ಅದನ್ನು ಮೊದಲು ಕೇಳಬೇಕು.