ಕೋಚ್ ತಲೆಗೆ ಹೆಲ್ಮೆಟ್ ಹಾಕಿಸೋರು ಯಾರು?

ಚಳಿಗಾಲದ ಶನಿವಾರ ಅಂದ್ರೆ ನಮ್ಮನೇಲಿ ಬೆಳಗಿನ ಐದಕ್ಕೇ ದೀಪ ಹತ್ತುತ್ತೆ. ಆರೂವರೆಗೆ ಮಗನ ಐಸ್ ಹಾಕಿ ಪ್ರಾಕ್ಟೀಸ್. ಕೆನಡಾದ ಒಂಟಾರಿಯೊಗೆ ಬಂದ ಮೇಲೆ, ಕ್ರಿಕೆಟ್ ಬ್ಯಾಟ್ ಹಿಡೀತಾನೆ ಅಂದ್ಕೊಂಡಿದ್ದ ಹುಡುಗ ಹಾಕಿ ಸ್ಟಿಕ್ ಹಿಡಿದ. ಅವನನ್ನ ರೆಡಿ ಮಾಡೋದೇ ಒಂದು ಮದುವೆ ಕೆಲಸ. ಭುಜಕ್ಕೆ, ಮೊಣಕೈಗೆ, ಮಂಡಿಗೆ ಪ್ಯಾಡು, ಕುತ್ತಿಗೆಗೆ ಗಾರ್ಡು, ಕೊನೆಗೆ ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್ಟು. ಗದ್ದದ ಪಟ್ಟಿ ಬಿಗಿಯದೆ ಮಕ್ಕಳನ್ನ ಮಂಜಿನ ಮೇಲೆ ಬಿಡೋ ಹಾಗೇ ಇಲ್ಲ.

ಹೀಗೆ ಒಂದಿನ ಪಟ್ಟಿ ಬಿಗೀತಿದ್ದಾಗ ಮಗ ಕೇಳಿದ, ‘ಅಮ್ಮಾ, ಕೋಚ್‌ಗೆ ಯಾಕಿಲ್ಲ?’ ತಲೆ ಎತ್ತಿ ನೋಡಿದ್ರೆ ಕೋಚ್ ಉಣ್ಣೆ ಟೋಪಿ ಹಾಕ್ಕೊಂಡು ಸ್ಕೇಟ್ ಮಾಡ್ತಿದ್ದಾರೆ.

‘ಅವರಿಗೇನು, ಚೆನ್ನಾಗಿ ಬರುತ್ತಲ್ಲ’ ಅಂತ ನಾನೂ ಅಂದುಬಿಟ್ಟೆ. ಆಮೇಲೆ ಗಮನಿಸಿದೆ. ಮಕ್ಕಳ ಕಡೆ ಮುಖ ಮಾಡಿ ಹೇಳಿಕೊಡಬೇಕಾದ್ದರಿಂದ ಕೋಚ್ ಅರ್ಧ ಹೊತ್ತು ಹಿಂದಕ್ಕೇ ಸ್ಕೇಟ್ ಮಾಡ್ತಾರೆ. ಬೆನ್ನ ಹಿಂದೆ ನಿಲ್ಲೋಕೂ ಬಾರದ ಪುಟಾಣಿಗಳು, ಚೆಲ್ಲಾಪಿಲ್ಲಿಯಾದ ಪಕ್‌ಗಳು, ಅಡ್ಡಾದಿಡ್ಡಿ ಸ್ಟಿಕ್‌ಗಳು. ಹಿಮ್ಮುಖವಾಗಿ ಎಡವಿದರೆ ಕೈ ಊರೋಕೂ ಸಮಯ ಸಿಗೋಲ್ಲ, ಹಿಂದಲೆ ನೇರ ಮಂಜಿಗೆ. ಅದು ಸಿಮೆಂಟಿನಷ್ಟೇ ಗಟ್ಟಿ. ಹೆಲ್ಮೆಟ್ ಹಾಕಿದರೆ ಕನ್‌ಕಷನ್ ಆಗೋದೇ ಇಲ್ಲ ಅಂತಲ್ಲ. ಆದ್ರೆ ಬುರುಡೆ ಒಡೆಯೋ ಅಪಾಯ ಬಹಳ ಕಡಿಮೆಯಾಗುತ್ತೆ.

ನಿಯಮ ಇಲ್ಲವೇ? ಇದೆ! ಮಕ್ಕಳ ತಂಡದ ಜೊತೆ ಮಂಜಿಗಿಳಿಯೋ ಕೋಚ್‌ಗಳು ಹೆಲ್ಮೆಟ್ ಹಾಕಿ ಪಟ್ಟಿ ಬಿಗೀಲೇಬೇಕು ಅಂತ ಹಾಕಿ ಕೆನಡಾ ಹೇಳುತ್ತೆ. ಅಮೆರಿಕದ ಯುಎಸ್‌ಎ ಹಾಕಿಯದೂ ಇದೇ ಮಾತು. ಒಂಟಾರಿಯೊದಲ್ಲಂತೂ ರೋವನ್ಸ್ ಲಾ ಇದೆ. 2013ರಲ್ಲಿ ರಗ್ಬಿ ಆಡುವಾಗ ತಲೆಗೆ ಪೆಟ್ಟಾಗಿ ತೀರಿಕೊಂಡ 17ರ ಹುಡುಗಿ ರೋವನ್ ಸ್ಟ್ರಿಂಗರ್ ನೆನಪಿನಲ್ಲಿ 2018ರಲ್ಲಿ ಬಂದ ಕಾನೂನು. ಅದರ ಪ್ರಕಾರ ಕೋಚ್‌ಗಳು ಪ್ರತಿ ವರ್ಷ ಕನ್‌ಕಷನ್ ಬಗ್ಗೆ ಓದಿ, ಓದಿದ್ದೀವಿ ಅಂತ ಖಚಿತಪಡಿಸಬೇಕು. ನಮ್ಮ ಕೋಚೂ ಮಾಡಿದ್ದರು, ಉಣ್ಣೆ ಟೋಪಿ ಹಾಕ್ಕೊಂಡೇ.

ಅವರನ್ನ ಪೂರ್ತಿ ದೂರೋಕೂ ಮನಸ್ಸು ಬರಲ್ಲ. ಅವರು ನೋಡಿ ಬೆಳೆದ ಹೀರೋಗಳಲ್ಲಿ ಎಷ್ಟೋ ಜನ ಬರಿದಲೆಯವರೇ. 1968ರ ಜನವರಿಯಲ್ಲಿ ಬಿಲ್ ಮಾಸ್ಟರ್‌ಟನ್ ಅನ್ನೋ ಆಟಗಾರ ಎನ್‌ಎಚ್‌ಎಲ್ ಪಂದ್ಯದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಎರಡು ದಿನದಲ್ಲಿ ತೀರಿಕೊಂಡರು. ಆದರೂ ಹೊಸ ಆಟಗಾರರಿಗೆ ಹೆಲ್ಮೆಟ್ ಕಡ್ಡಾಯವಾಗಿದ್ದು 1979ರಲ್ಲಿ. ಹಳಬರಿಗೆ ವಿನಾಯಿತಿ ಕೊಟ್ಟರು. ಹಾಗೆ ಹೆಲ್ಮೆಟ್ ಇಲ್ಲದೆ ಆಡಿದ ಕೊನೆಯವರು ಕ್ರೇಗ್ ಮ್ಯಾಕ್‌ಟ್ಯಾವಿಶ್, ನಿವೃತ್ತಿಯಾಗಿದ್ದು 1997ರಲ್ಲಿ!

ಕಷ್ಟ ಇರೋದು ಹೇಳೋರು ಯಾರು ಅನ್ನೋದರಲ್ಲಿ. ಇಲ್ಲಿ ಪ್ರತಿ ತಂಡಕ್ಕೂ ಸುರಕ್ಷತೆ ನೋಡ್ಕೊಳ್ಳೋಕೆ ಟ್ರೇನರ್ ಅಂತ ಒಬ್ಬರಿರ್ತಾರೆ, ಸಾಮಾನ್ಯವಾಗಿ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. ನಮ್ಮ ತಂಡಕ್ಕೆ ಆ ವರ್ಷ ನಾನೇ! ಸಂಬಳ ಇಲ್ಲದೆ, ಬೆಳಗಿನ ಜಾವ ಎದ್ದು ನಮ್ಮ ಮಕ್ಕಳಿಗೆ ಕಲಿಸೋ ಮನುಷ್ಯನಿಗೆ ‘ಹೆಲ್ಮೆಟ್ ಹಾಕಿ’ ಅಂತ ಹೇಗೆ ಹೇಳೋದು? ಹೇಳಿದ್ರೆ ನಾಳೆ ನನ್ನ ಮಗನ್ನ ಬೆಂಚಲ್ಲಿ ಕೂರಿಸಿಬಿಟ್ರೆ? ನಿಜ ಹೇಳ್ತೀನಿ, ಮೂರು ವಾರ ಬಾಯಿ ಬಿಡಲಿಲ್ಲ.

ನಾಲ್ಕನೇ ವಾರ ಒಬ್ಬ ಹುಡುಗ ಜಾರಿ ಬಂದು ಕೋಚ್ ಕಾಲಿಗೆ ಬಡಿದ. ಅವರು ಕೂತ ಹಾಗೆ ಬಿದ್ದರು, ತಲೆಗೇನೂ ಆಗಲಿಲ್ಲ. ನನ್ನ ಎದೆ ಮಾತ್ರ ಧಸಕ್ ಅಂತು. ಅವತ್ತೇ ಕ್ಲಬ್‌ನವರಿಗೆ ಬರೆದೆ. ದಂಡ ಗಿಂಡ ಬೇಡ, ಒಬ್ಬ ಅಪ್ಪ ಅಮ್ಮನ ಮೇಲೆ ಹೊರಿಸಲೂ ಬೇಡಿ. ಎಲ್ಲ ತಂಡಕ್ಕೂ ಒಂದೇ ಮಾತು ಹೇಳಿ, ಕೋಚ್ ತಲೆ ಮೇಲೆ ಹೆಲ್ಮೆಟ್ ಬರೋವರೆಗೆ ಪ್ರಾಕ್ಟೀಸ್ ಶುರುವಾಗಬಾರದು ಅಂತ. ಒಪ್ಪಿದರು. ಮರೆತು ಬಂದೋರಿಗೆ ಅಂತ ಎರಡು ಹೆಲ್ಮೆಟ್ಟೂ ತಂದಿಟ್ಟರು.

ಮುಂದಿನ ಶನಿವಾರ ನಮ್ಮ ಕೋಚ್ ಅದರಲ್ಲೊಂದನ್ನ ಹಾಕಿ ನೋಡಿ, ಬಿಗಿ ಅಂತ ಗೊಣಗಿದರು. ಅದರ ಮುಂದಿನ ವಾರ ತಮ್ಮದೇ ಹೊಸದು ತಂದರು. ಪಟ್ಟಿ ಮಾತ್ರ ನಮ್ಮ ಬೆಂಗಳೂರಿನ ಸ್ಕೂಟರ್‌ನವರ ಥರ ಜೋತಾಡ್ತಿತ್ತು. ನಾನು ಏನೂ ಹೇಳಲಿಲ್ಲ. ಸಾಲಲ್ಲಿ ನಿಂತಿದ್ದ ಮಗ ಗ್ಲೌಸ್ ಹಾಕಿದ ಕೈಲಿ ತನ್ನ ಗದ್ದ ಮುಟ್ಟಿ ತೋರಿಸಿದ. ಕೋಚ್ ನಗ್ತಾ ಬಕಲ್ ಹಾಕ್ಕೊಂಡರು.