ಬೆಲೆ ಬಲ್ಲವರ ಸರತಿ ಸಾಲು

ಒಂದು ವಸ್ತುವಿನ ಚಿಲ್ಲರೆ ಬೆಲೆ ಎಷ್ಟೆಂದು ಊಹಿಸಿ ಹೇಳುವುದೇ ಒಂದು ಆಟವಾಗಿ, ಆ ಆಟವನ್ನು ಕಾಣಲು ನೂರಾರು ಮಂದಿ ಬೆಳಗಿನಿಂದಲೇ ಸಾಲುಗಟ್ಟಿ ನಿಲ್ಲುತ್ತಾರೆಂದರೆ ವರ್ತಕರಿಗೆ ತುಸು ವಿಚಿತ್ರವೆನಿಸಬಹುದು. ಗಲ್ಲಾಪೆಟ್ಟಿಗೆಯ ಮುಂದೆ ದಿನನಿತ್ಯ ನಡೆಯುವ ವ್ಯವಹಾರವನ್ನು ಯಾರು ತಾನೆ ಮನರಂಜನೆಯೆಂದು ಭಾವಿಸಿಯಾರು? ಆದರೆ ಅಮೆರಿಕದ ಸಿಬಿಎಸ್ ದೂರದರ್ಶನ ಜಾಲದಲ್ಲಿ 1972ರ ಸೆಪ್ಟೆಂಬರ್ 4ರಂದು ಈಗಿನ ರೂಪದಲ್ಲಿ ಪ್ರಾರಂಭವಾದ ‘ದಿ ಪ್ರೈಸ್ ಈಸ್ ರೈಟ್’ ಎಂಬ ಕಾರ್ಯಕ್ರಮವು ಇದೊಂದೇ ಬಂಡವಾಳವನ್ನು ನೆಚ್ಚಿಕೊಂಡು ಅರ್ಧ ಶತಮಾನವನ್ನು ದಾಟಿದೆ. ಇದರ ಮೂಲ ಆವೃತ್ತಿಯು 1956ರಲ್ಲಿಯೇ ಬಿಲ್ ಕಲೆನ್ ಅವರ ನಿರೂಪಣೆಯಲ್ಲಿ ಬೇರೊಂದು ಜಾಲದಲ್ಲಿ ಮೂಡಿಬಂದಿತ್ತು. 1972ರಿಂದ 2007ರವರೆಗೆ ಮೂವತ್ತೈದು ವರ್ಷ ಅದನ್ನು ನಡೆಸಿಕೊಟ್ಟವರು ಬಾಬ್ ಬಾರ್ಕರ್. ಅವರು 2023ರಲ್ಲಿ ನಿಧನರಾದರು. 2007ರ ಅಕ್ಟೋಬರ್‌ನಲ್ಲಿ ಆ ಸ್ಥಾನಕ್ಕೆ ಬಂದವರು ಹಾಸ್ಯನಟ ಡ್ರೂ ಕ್ಯಾರಿ.

ರಸಪ್ರಶ್ನೆ ಕಾರ್ಯಕ್ರಮಗಳಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ‘ಜೆಪರ್ಡಿ’ಯಂತಹ ಕಾರ್ಯಕ್ರಮದಲ್ಲಿ ಸ್ಪರ್ಧಿಗಳನ್ನು ಪರೀಕ್ಷೆ ನಡೆಸಿ ಬಹಳ ಮೊದಲೇ ಆರಿಸಿರುತ್ತಾರೆ. ಅಲ್ಲಿ ಒಂದೇ ದಿನ ಐದು ಕಂತುಗಳ ಚಿತ್ರೀಕರಣ ನಡೆಯುವುದು ವಾಡಿಕೆ. ಪ್ರೇಕ್ಷಕರ ಪಾಲಿಗೆ ಉಳಿದಿರುವುದು ಮೌನ ಮತ್ತು ಸೂಚನೆ ದೊರೆತಾಗ ಚಪ್ಪಾಳೆ. ‘ಪ್ರೈಸ್ ಈಸ್ ರೈಟ್’ನಲ್ಲಾದರೋ ಸ್ಪರ್ಧಿಗಳು ಪ್ರೇಕ್ಷಕರ ನಡುವಿನಿಂದಲೇ ಎದ್ದು ಬರಬೇಕು. ಒಂದು ಗಂಟೆಯ ಕಂತಿಗೆ ಒಂಬತ್ತು ಮಂದಿ. ಆಸನಗಳಲ್ಲಿ ಕುಳಿತ ಪ್ರತಿಯೊಬ್ಬರೂ ಆ ಒಂಬತ್ತರಲ್ಲಿ ತಾವೂ ಒಬ್ಬರಾದೇವೆಂಬ ಆಸೆಯಿಂದಲೇ ಬಂದಿರುತ್ತಾರೆ. ಪ್ರೇಕ್ಷಕರನ್ನು ಕರೆತರಲು ನಿರ್ಮಾಪಕರು ಒಂದು ಡಾಲರನ್ನೂ ವ್ಯಯಿಸಬೇಕಾಗಿಲ್ಲದಿರುವುದಕ್ಕೆ ಕಾರಣ ಈ ಆಸೆಯೇ. ಲಾಸ್ ಏಂಜಲಿಸ್‌ನಲ್ಲಾಗಲಿ ಮುಂಬಯಿಯಲ್ಲಾಗಲಿ ಇತರ ಹಲವು ಕಾರ್ಯಕ್ರಮಗಳಿಗೆ ದಿನಗೂಲಿಯ ಮೇಲೆ ಪ್ರೇಕ್ಷಕರನ್ನು ಒದಗಿಸುವ ಮಧ್ಯವರ್ತಿಗಳೇ ಇದ್ದಾರೆಂಬುದನ್ನು ಇಲ್ಲಿ ನೆನೆಯಬಹುದು.

ಪ್ರವೇಶಪತ್ರ ಉಚಿತ. ಆದರೆ ಪ್ರವೇಶಪತ್ರವಿದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ. ಆಸನ ಖಾಲಿ ಉಳಿಯಬಾರದೆಂಬ ಎಚ್ಚರದಿಂದ ಇರುವ ಆಸನಗಳಿಗಿಂತ ಹೆಚ್ಚು ಪತ್ರಗಳನ್ನು ವಿತರಿಸುವುದು ದೂರದರ್ಶನ ಉದ್ಯಮದ ರೂಢಿ. ವಿಮಾನ ಸಂಸ್ಥೆಗಳೂ ಹೀಗೆಯೇ ಮಾಡುತ್ತವೆ. ಆದರೆ ಅವು ಹಿಂದುಳಿದವರಿಗೆ ಪರಿಹಾರ ಕೊಡಬೇಕಾಗುತ್ತದೆ, ಇಲ್ಲಿ ಕ್ಷಮಾಪಣೆಯೇ ಪರಿಹಾರ. ಬಾರ್ಕರ್ ಅವರ ಕಾಲದಲ್ಲಿ ಜನರು ಹಿಂದಿನ ರಾತ್ರಿಯೇ ಬಂದು, ಬೆವರ್ಲಿ ಬುಲೆವಾರ್ಡ್ ಮತ್ತು ಫೇರ್‌ಫ್ಯಾಕ್ಸ್ ರಸ್ತೆಗಳು ಕೂಡುವೆಡೆಯಲ್ಲಿರುವ ‘ಟೆಲಿವಿಷನ್ ಸಿಟಿ’ಯ ಹೊರಗಿನ ಕಾಲುದಾರಿಯಲ್ಲಿ ಮಲಗಿ ಬೆಳಗು ಮಾಡುತ್ತಿದ್ದರು. 1952ರಲ್ಲಿ ತೆರೆದ ಆ ಸ್ಟುಡಿಯೋ ಸಮುಚ್ಚಯವನ್ನು ಸಿಬಿಎಸ್ ಸಂಸ್ಥೆಯು 75 ಕೋಟಿ ಡಾಲರುಗಳಿಗೆ ಮಾರುವುದಾಗಿ 2018ರಲ್ಲಿ ಪ್ರಕಟಿಸಿತು. 2023ರಲ್ಲಿ ಕಾರ್ಯಕ್ರಮವು ಗ್ಲೆಂಡೇಲ್ ನಗರದ ಹೇವನ್ ಸ್ಟುಡಿಯೋಗೆ ಸ್ಥಳಾಂತರಗೊಂಡಿತು.

ಸಾಲಿನಲ್ಲಿ ನಿಂತವರಿಗೆ ಮೊದಲು ದೊರೆಯುವುದು ಬೆಲೆಚೀಟಿಯ ಆಕಾರದ ಹಳದಿ ಹೆಸರುಪಟ್ಟಿ. ಮನುಷ್ಯರ ಎದೆಗೇ ಬೆಲೆಚೀಟಿ ಅಂಟಿಸುವ ಈ ಚಮತ್ಕಾರಕ್ಕೆ ಯಾರೂ ಮುನಿಸಿಕೊಂಡಂತಿಲ್ಲ. ಬಹುಮಂದಿ ಅದನ್ನು ಮನೆಗೆ ಒಯ್ದು ಜೋಪಾನವಾಗಿಡುತ್ತಾರೆ. ನಂತರ ಗುರುತಿನ ಚೀಟಿಯ ತಪಾಸಣೆ, ಅರ್ಹತಾ ಪತ್ರಕ್ಕೆ ಸಹಿ. ಮೊಬೈಲ್ ಫೋನು, ಬೆಲೆಪಟ್ಟಿ, ಟಿಪ್ಪಣಿಗಳಿಗೆ ಒಳಗೆ ಪ್ರವೇಶವಿಲ್ಲ. ಆ ಬಳಿಕ ದಿನದ ಅತ್ಯಂತ ಮಹತ್ವದ, ಆದರೆ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುವ ಘಟ್ಟ. ಜನರನ್ನು ಸಣ್ಣ ಗುಂಪುಗಳಾಗಿ ನಿಲ್ಲಿಸಿ ನಿರ್ಮಾಪಕರೊಬ್ಬರು ಪ್ರತಿಯೊಬ್ಬರನ್ನೂ ಮಾತನಾಡಿಸುತ್ತಾರೆ. ಊರು ಯಾವುದು, ಉದ್ಯೋಗವೇನು ಎಂಬಷ್ಟೇ ಪ್ರಶ್ನೆ. ಪಕ್ಕದಲ್ಲಿರುವ ಸಹಾಯಕರು ಏನನ್ನೋ ಗುರುತು ಹಾಕಿಕೊಳ್ಳುತ್ತಾರೆ. ಆಯ್ಕೆಯಾದವರಿಗೆ ಆಗ ಯಾವ ಸುಳಿವನ್ನೂ ಕೊಡುವುದಿಲ್ಲ. ಅತಿ ಕಡಿಮೆ ಅವಧಿಯಲ್ಲಿ ಮನುಷ್ಯರನ್ನು ಅಳೆಯುವ ಈ ಕಲೆಯು ಸಂತೆಯಲ್ಲಿ ರಾಸು ನೋಡುವವರ ಕಣ್ಣನ್ನು ನೆನಪಿಸುತ್ತದೆಯೆಂದರೆ ಅತಿಶಯೋಕ್ತಿಯಾಗಲಾರದು. ಕುಣಿದು ಕೂಗಾಡುವವರೇ ಆಯ್ಕೆಯಾಗುತ್ತಾರೆಂಬ ನಂಬಿಕೆಯಿಂದ ಕುಟುಂಬಗಳೂ ಮಿತ್ರಮಂಡಳಿಗಳೂ ಒಂದೇ ಬಗೆಯ ಅಚ್ಚುಹಾಕಿಸಿದ ಅಂಗಿ ತೊಟ್ಟು ಬರುವುದುಂಟು. ಆದರೆ ಬೇಕಾದುದು ಗಂಟೆಗಟ್ಟಲೆ ಕಾದ ನಂತರವೂ ಬತ್ತದ ಉತ್ಸಾಹವೇ ಹೊರತು ಬರಿಯ ಗದ್ದಲವಲ್ಲ.

ಒಳಹೊಕ್ಕವರು ಮೊದಲು ಆಡುವ ಮಾತು, ಸ್ಟುಡಿಯೋ ಪರದೆಯ ಮೇಲೆ ಕಾಣುವಷ್ಟು ದೊಡ್ಡದಾಗಿಲ್ಲವೆಂಬುದು. ಉದ್ಘೋಷಕರು ಮೊದಲು ಜನರನ್ನು ನಗಿಸಿ, ಕೂಗಿಸಿ ಹುರುಪು ತುಂಬುತ್ತಾರೆ. ಅನಂತರ ‘ಕಮ್ ಆನ್ ಡೌನ್’ ಎಂಬ ಕರೆಯೊಂದಿಗೆ ಹೆಸರುಗಳನ್ನು ಕೂಗಲಾಗುತ್ತದೆ. ಗದ್ದಲದಲ್ಲಿ ಆ ಕೂಗು ಕೇಳಿಸದೆ ಹೋಗುವುದರಿಂದ ಹೆಸರು ಬರೆದ ದೊಡ್ಡ ಹಲಗೆಯನ್ನು ಎತ್ತಿ ಹಿಡಿಯುತ್ತಾರೆ. ಕರೆಯಲ್ಪಟ್ಟವರು ಒಂದು ಕ್ಷಣ ದಿಗ್ಭ್ರಮೆಗೊಂಡು ಅತ್ತಿತ್ತ ನೋಡುವುದು ನಟನೆಯಲ್ಲ. ಅವರು ನಿಜವಾಗಿಯೂ ತಮ್ಮ ಹೆಸರನ್ನು ಓದಿ ಖಚಿತಪಡಿಸಿಕೊಳ್ಳುತ್ತಿರುತ್ತಾರೆ.

ಮೊದಲ ಸುತ್ತಿನ ನಿಯಮ ಸರಳ. ನಾಲ್ವರು ಸಾಲಾಗಿ ನಿಂತು ಒಂದು ವಸ್ತುವಿಗೆ ಒಬ್ಬರಾದ ಮೇಲೊಬ್ಬರು ಬೆಲೆ ಹೇಳಬೇಕು. ನಿಜವಾದ ಬೆಲೆಯನ್ನು ಮೀರದೆ ಅದಕ್ಕೆ ಅತ್ಯಂತ ಸಮೀಪವಿರುವವರು ಗೆದ್ದಂತೆ. ಟೆಂಡರ್ ಹಾಕಿ ಅನುಭವವಿರುವವರಿಗೆ ಕೊನೆಯವನಿಗಿರುವ ಅನುಕೂಲ ಕೂಡಲೇ ಹೊಳೆಯುತ್ತದೆ. ಮೊದಲ ಮೂವರು 700, 850 ಮತ್ತು 900 ಡಾಲರ್ ಹೇಳಿದ್ದಾರೆನ್ನೋಣ. ನಾಲ್ಕನೆಯವನು 875 ಎಂದರೆ ಬೆಲೆಯು 875 ಮತ್ತು 899ರ ನಡುವೆ ಬಿದ್ದರೆ ಮಾತ್ರ ಅವನಿಗೆ ಜಯ. 901 ಎಂದರೆ ಅದಕ್ಕೆ ಮೇಲಿನ ಇಡೀ ಕ್ಷೇತ್ರವೇ ಅವನದಾಗುತ್ತದೆ. ಉಳಿದವರೆಲ್ಲ ಹೆಚ್ಚು ಹೇಳಿದ್ದಾರೆಂಬ ಅನುಮಾನವಿದ್ದರೆ ಒಂದೇ ಡಾಲರ್ ಹೇಳಿದರೂ ಸಾಕು. ಇಷ್ಟು ಸ್ಪಷ್ಟವಾದ ಲೆಕ್ಕವಿದ್ದರೂ ಸ್ಪರ್ಧಿಗಳು ಅನೇಕ ವೇಳೆ ಅದನ್ನು ಅನುಸರಿಸುವುದಿಲ್ಲವೆಂದು 1996ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಎಂಬ ಪ್ರತಿಷ್ಠಿತ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪಕ್ಕದಲ್ಲಿ ನಿಂತವನ ಮೇಲೆ ಒಂದೇ ಡಾಲರ್ ಏರಿಸಲು ಮನುಷ್ಯರಿಗೆ ಅದೇನೋ ಸಂಕೋಚವಿರಬಹುದು. ಪೇಟೆಯಲ್ಲಿ ಈ ಸಂಕೋಚ ಅಷ್ಟಾಗಿ ಕಂಡುಬರುವುದಿಲ್ಲ.

ವೇದಿಕೆಯ ಮೇಲಿನ ಸರಕು ಎಲ್ಲಿಂದ ಬರುತ್ತದೆಂಬುದು ತಯಾರಕರ ಕುತೂಹಲದ ವಿಷಯ. ಕೆಲವನ್ನು ನಿರ್ಮಾಪಕರು ಖರೀದಿಸುತ್ತಾರೆ. ಕೆಲವನ್ನು ತಯಾರಕರು ಒದಗಿಸುತ್ತಾರೆ, ಪ್ರತಿಯಾಗಿ ಉದ್ಘೋಷಕರು ಅವುಗಳ ಹೆಸರನ್ನೂ ಗುಣವನ್ನೂ ಕೆಲವು ಕ್ಷಣ ಬಣ್ಣಿಸುತ್ತಾರೆ. ಹೀಗೆ ಪಡೆದ ಪ್ರತಿಫಲವನ್ನು ವೀಕ್ಷಕರಿಗೆ ತಿಳಿಸಬೇಕೆಂಬುದು ಅಲ್ಲಿನ ಪ್ರಸಾರ ಕಾನೂನಿನ ಕಟ್ಟಳೆ. ಜಾಹೀರಾತು ಬಂದಾಗ ಎದ್ದುಹೋಗುವ ಗೃಹಸ್ಥರು ಇಲ್ಲಿ ಅದೇ ಜಾಹೀರಾತನ್ನು, ಬೆಲೆಯನ್ನು ಮನಸ್ಸಿನಲ್ಲೇ ಲೆಕ್ಕಹಾಕುತ್ತ, ಏಕಾಗ್ರತೆಯಿಂದ ಕೇಳುತ್ತಾರೆ. ಸರಕಿನ ಬೆಲೆಯನ್ನೇ ಗ್ರಾಹಕರಿಂದ ಕಂಠಪಾಠ ಮಾಡಿಸುವ ಇಂತಹ ಮಾಧ್ಯಮ ಮತ್ತೊಂದಿರಲಾರದು. ನಿರೂಪಕರ ನಿಲುವೂ ವ್ಯಾಪಾರವನ್ನು ಬದಲಿಸಿದ್ದುಂಟು. ಪ್ರಾಣಿದಯೆಯ ಪಕ್ಷಪಾತಿಯಾಗಿದ್ದ ಬಾರ್ಕರ್ ಅವರ ಒತ್ತಾಯದಿಂದ 1982ರಲ್ಲಿ ತುಪ್ಪುಳುಚರ್ಮದ ಉಡುಪುಗಳು ಬಹುಮಾನ ಪಟ್ಟಿಯಿಂದ ಮಾಯವಾದವು. ಅವರ ಕೊನೆಯ ವರ್ಷಗಳಲ್ಲಿ ವಿದೇಶಿ ಕಂಪನಿಗಳ ಕಾರುಗಳಿಗೂ ಅಲ್ಲಿ ಸ್ಥಾನವಿರಲಿಲ್ಲ. ಅವರ ನಿವೃತ್ತಿಯ ನಂತರವೇ ಆ ಬಾಗಿಲು ತೆರೆಯಿತು.

ಆದರೆ ಸರಕಿನ ಸಂಗ್ರಹದಲ್ಲಿದ್ದ ಒಂದು ಹಳೆಯ ಅಭ್ಯಾಸವು ಇಡೀ ಕಾರ್ಯಕ್ರಮವನ್ನೇ ಇಕ್ಕಟ್ಟಿಗೆ ಸಿಲುಕಿಸಿತು. ಅವವೇ ವಸ್ತುಗಳು, ಅವವೇ ಮಾದರಿಗಳು, ಅವವೇ ಬೆಲೆಗಳೊಂದಿಗೆ ಮತ್ತೆ ಮತ್ತೆ ವೇದಿಕೆಗೆ ಬರುತ್ತಿದ್ದವು. 2008ರ ಸೆಪ್ಟೆಂಬರ್‌ನಲ್ಲಿ ನಡೆದ ಚಿತ್ರೀಕರಣವೊಂದಕ್ಕೆ ಲಾಸ್ ವೇಗಸ್‌ನಿಂದ ದಂಪತಿಗಳು ಬಂದಿದ್ದರು. ಹಿಂದೆ ದೂರದರ್ಶನದಲ್ಲಿ ಹವಾಮಾನ ವರದಿ ನೀಡುತ್ತಿದ್ದ ಪತಿ, ತರುವಾಯ ಜೂಜುಕಟ್ಟೆಯ ಭದ್ರತಾ ವಿಭಾಗದಲ್ಲಿ ದುಡಿದಿದ್ದರು. ಎರಡೂ ಉದ್ಯೋಗಗಳು ಬೇಡುವುದು ಒಂದೇ ಗುಣವನ್ನು: ಪುನರಾವರ್ತನೆಯಾಗುವುದನ್ನು ಗುರುತಿಸುವ ದೃಷ್ಟಿ. ದಂಪತಿಗಳು ತಿಂಗಳುಗಟ್ಟಲೆ ಕಾರ್ಯಕ್ರಮವನ್ನು ಮುದ್ರಿಸಿಕೊಂಡು ನೋಡಿ ಬೆಲೆಗಳನ್ನು ಅಭ್ಯಾಸ ಮಾಡಿದ್ದರು. ಕರೆ ಬಂದಿತು. ಪತಿ ವೇದಿಕೆಯೇರಿ, ಗೆಲ್ಲುತ್ತ ಸಾಗಿ, ಅಂತಿಮ ಘಟ್ಟವಾದ ‘ಷೋಕೇಸ್’ ತಲುಪಿದರು. ಹಾಡುವ ಯಂತ್ರ, ಬಿಲಿಯರ್ಡ್ಸ್ ಮಾದರಿಯ ಮೇಜು ಮತ್ತು ಪ್ರವಾಸದ ಗಾಡಿಮನೆ, ಈ ಮೂರರ ಒಟ್ಟು ಬೆಲೆಯನ್ನು ಅವರು 23,743 ಡಾಲರ್ ಎಂದರು. ಬೆಲೆ 23,743 ಡಾಲರೇ ಆಗಿತ್ತು.

ಫಲಿತಾಂಶ ಹೇಳುವುದಕ್ಕೆ ಮೊದಲು ಚಿತ್ರೀಕರಣ ಬಹಳ ಹೊತ್ತು ನಿಂತಿತು. ಮೋಸ ನಡೆದಿದೆಯೆಂದೇ ತಮಗೆ ಅನಿಸಿತ್ತೆಂದು ನಿರೂಪಕ ಕ್ಯಾರಿ ಆಮೇಲೆ ಹೇಳಿಕೊಂಡಿದ್ದಾರೆ. ಆ ವರ್ಷದ ಡಿಸೆಂಬರ್‌ನಲ್ಲಿ ಕಂತು ಪ್ರಸಾರವಾದಾಗ ಇಂತಹ ಅಪೂರ್ವ ಜಯವನ್ನು ಅವರು ಯಾವ ಸಂಭ್ರಮವೂ ಇಲ್ಲದೆ ಘೋಷಿಸಿದುದನ್ನು ದೇಶವೇ ಗಮನಿಸಿತು. ಸೋತ ಎದುರಾಳಿಯೂ ಸಾಮಾನ್ಯಳಾಗಿರಲಿಲ್ಲ. ಆಕೆಯ ಊಹೆಗೂ ನಿಜ ಬೆಲೆಗೂ ಇದ್ದ ಅಂತರ ಕೇವಲ 494 ಡಾಲರ್. ಬೇರೆ ದಿನವಾಗಿದ್ದರೆ ಗೆಲುವು ಬಹುಶಃ ಆಕೆಯದೇ. ಮೊದಲೆರಡು ಅಂಕಿ ಅಭ್ಯಾಸದಿಂದ ಬಂದುದು, 743 ಎಂಬುದು ತಮ್ಮ ಮದುವೆಯ ದಿನಾಂಕವನ್ನೂ ಪತ್ನಿಯ ಜನ್ಮಮಾಸವನ್ನೂ ಕೂಡಿಸಿ ಹೇಳಿದುದು ಎಂಬುದು ವಿಜೇತರ ವಿವರಣೆ.

ಅದೇ ಪ್ರೇಕ್ಷಕರ ನಡುವೆ ಮತ್ತೊಬ್ಬರಿದ್ದರು. ವೃತ್ತಿಯಿಂದ ಗಣಿತದ ಅಧ್ಯಾಪಕರಾದ ಅವರು 1980ರ ದಶಕದಿಂದ ಮೂವತ್ತಕ್ಕೂ ಹೆಚ್ಚು ಬಾರಿ ಚಿತ್ರೀಕರಣಕ್ಕೆ ಬಂದವರು. ಒಮ್ಮೆ ಸ್ಪರ್ಧಿಯೂ ಆಗಿದ್ದರು. ಆ ಮೇಲೆ ಅವರು ಬರುತ್ತಿದ್ದುದು ಅಪರಿಚಿತರಿಗೆ ಬೆಲೆ ಕೂಗಿ ಹೇಳುವ ಸಂತೋಷಕ್ಕಾಗಿ. ಅಂದಿನ ಸಂಖ್ಯೆಯನ್ನು ಕೂಗಿದವರು ತಾವೇ ಎಂಬುದು ಅವರ ಹೇಳಿಕೆ. ಅವರ ಕಥೆಯನ್ನು ಕುರಿತು 2017ರಲ್ಲಿ ‘ಪರ್ಫೆಕ್ಟ್ ಬಿಡ್’ ಎಂಬ ಸಾಕ್ಷ್ಯಚಿತ್ರವೂ ಬಂದಿತು. ಇಬ್ಬರಲ್ಲಿ ಯಾರ ಮಾತು ಸರಿ ಎಂಬ ವಾದ ಇನ್ನೂ ತೀರಿಲ್ಲ. ಆದರೆ ಇಬ್ಬರೂ ನಿಯಮವನ್ನು ಮುರಿದಿರಲಿಲ್ಲ. ಪ್ರೇಕ್ಷಕರು ಬೆಲೆಯನ್ನು ಕೂಗುವುದೂ ಸ್ಪರ್ಧಿಯು ತಿರುಗಿ ಅವರತ್ತ ನೋಡುವುದೂ ಈ ಆಟದ ಜೀವಾಳ. ಬೆಲೆಯನ್ನು ನೆನಪಿಟ್ಟುಕೊಂಡವನನ್ನು ಅಪರಾಧಿಯೆನ್ನುವುದು ಹೇಗೆ? ಬಹುಮಾನಗಳನ್ನು ವಿಜೇತರಿಗೆ ಕೊಡಲಾಯಿತು. ಬದಲಾದುದು ಸರಕಿನ ವ್ಯವಸ್ಥೆ. ಅಂದಿನಿಂದ ವಸ್ತುಗಳು ಹಿಂದಿನಷ್ಟು ಮರುಕಳಿಸುತ್ತಿಲ್ಲ. ಕಾರುಗಳಿಗೆ ಬೇರೆ ಬೇರೆ ಹೆಚ್ಚುವರಿ ಸೌಲಭ್ಯಗಳನ್ನು ಜೋಡಿಸಿ ಬೆಲೆಯನ್ನು ಏರುಪೇರು ಮಾಡಲಾಗುತ್ತಿದೆ.

ನಿರ್ಮಾಪಕರು ಅಂದು ಅಷ್ಟು ಗಾಬರಿಗೊಂಡುದಕ್ಕೆ ಇತಿಹಾಸದ ಹಿನ್ನೆಲೆಯಿದೆ. 1950ರ ದಶಕದಲ್ಲಿ ‘ಟ್ವೆಂಟಿ ಒನ್’ ಎಂಬ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ಹೇಳಿಕೊಡುತ್ತಿದ್ದುದು ಬಯಲಾಯಿತು. ಜನಪ್ರಿಯ ವಿಜೇತ ಚಾರ್ಲ್ಸ್ ವ್ಯಾನ್ ಡೋರೆನ್ 1959ರ ನವೆಂಬರ್‌ನಲ್ಲಿ ಸಂಸತ್ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. 1960ರಲ್ಲಿ ಕಾನೂನು ತಿದ್ದುಪಡಿಯಾಗಿ, ಸಾರ್ವಜನಿಕರನ್ನು ವಂಚಿಸಲು ಸ್ಪರ್ಧೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಸೆರೆವಾಸಕ್ಕೆ ಗುರಿಪಡಿಸುವ ಅಪರಾಧವಾಯಿತು.

ಭಾರತದ ಪ್ರೇಕ್ಷಕರಿಗೆ ಈ ಬಗೆಯ ಪಾತ್ರ ಪರಿಚಯವಾದುದು 2000ದ ಜುಲೈನಲ್ಲಿ ಆರಂಭಗೊಂಡ ‘ಕೌನ್ ಬನೇಗಾ ಕರೋಡ್‌ಪತಿ’ಯಿಂದ, ಕನ್ನಡದಲ್ಲಿ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರು ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯಿಂದ. ಇದೇ ಮಾದರಿಯ ಅಮೆರಿಕದ ಕಾರ್ಯಕ್ರಮದಲ್ಲಿ ದೂರವಾಣಿಯ ಮೂಲಕ ಸಲಹೆ ನೀಡಿದ ಬಲ್ಲವರು ಶೇ. 65ರಷ್ಟು ಸಲ ಸರಿಯಾಗಿದ್ದರೆ, ಸಭಾಂಗಣದ ಪ್ರೇಕ್ಷಕರು ಶೇ. 91ರಷ್ಟು ಸಲ ಸರಿಯಾಗಿದ್ದರೆಂದು ಜೇಮ್ಸ್ ಸುರೊವೀಕಿ 2004ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಬೆಲೆ ಹೇಳುವ ಆಟವನ್ನು ಮಾತ್ರ ಇಲ್ಲಿ ಹಾಗೆಯೇ ಆಡುವುದು ಕಷ್ಟ. ಪೊಟ್ಟಣದ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕಾದ ದೇಶದಲ್ಲಿ ಗ್ರಾಹಕನ ಚಾತುರ್ಯವಿರುವುದು ಬೆಲೆಯನ್ನು ಊಹಿಸುವುದರಲ್ಲಲ್ಲ, ಅದರಿಂದ ಎಷ್ಟು ಇಳಿಸಬಹುದೆಂಬುದರಲ್ಲಿ.

ಇನ್ನು ಗೆದ್ದವರ ಪಾಡು. ಬಹುಮಾನ ಕೈಸೇರುವುದು ಕಂತು ಪ್ರಸಾರವಾದ ಮೇಲೆಯೇ. ವಸ್ತುರೂಪದ ಬಹುಮಾನದ ಮಾರುಕಟ್ಟೆ ಬೆಲೆಯು ಅಮೆರಿಕದಲ್ಲಿ ವರಮಾನವೆಂದೇ ಪರಿಗಣಿತವಾಗಿ ತೆರಿಗೆಗೆ ಒಳಪಡುತ್ತದೆ. ಗೆದ್ದ ದೋಣಿಗೆ ಕಟ್ಟಬೇಕಾದ ತೆರಿಗೆಯನ್ನು ಲೆಕ್ಕ ಹಾಕಿ, ದೋಣಿಯೇ ಬೇಡವೆಂದು ಬರೆದುಕೊಡುವ ವಿಜೇತರೂ ಉಂಟು. ಭಾರತದಲ್ಲಿಯೂ ಆಟಗಳ ಗೆಲುವಿಗೆ, ಬೇರೆ ವರಮಾನದ ಮಟ್ಟ ಎಷ್ಟೇ ಇರಲಿ, ಮೂಲದರ ಶೇ. 30. ಅಂಗಡಿಗಳೂ ವರ್ತಕ ಸಂಘಗಳೂ ಹಬ್ಬದ ದಿನಗಳಲ್ಲಿ ಏರ್ಪಡಿಸುವ ಅದೃಷ್ಟ ಚೀಟಿಯ ಬಹುಮಾನಗಳಿಗೂ ಇದು ಅನ್ವಯಿಸುತ್ತದೆ. 10,000 ರೂಪಾಯಿಗಳನ್ನು ಮೀರಿದ ಬಹುಮಾನವು ನಗದಾಗಿದ್ದರೆ ಕೊಡುವವರೇ ತೆರಿಗೆ ಮುರಿದುಕೊಳ್ಳಬೇಕು. ಸ್ಕೂಟರು, ಶೀತಕ ಪೆಟ್ಟಿಗೆಗಳಂತಹ ವಸ್ತುವಾಗಿದ್ದರೆ, ತೆರಿಗೆ ಪಾವತಿಯಾಗಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಅದನ್ನು ವಿಜೇತರಿಗೆ ಹಸ್ತಾಂತರಿಸಬೇಕು. ಈ ಹೊಣೆ ಬಹುಮಾನ ಕೊಡುವವರದೇ ಹೊರತು ಪಡೆಯುವವರದಲ್ಲ.